ಪೂರ್ವದ ಗೋಲಿನ ಚುಕ್ಕಿ

ನಮ್ಮ ನಾಲ್ಕು ತಾಲೂಕುಗಳ ಫುಟ್‌ಬಾಲ್ ಸೂಪರ್ ಕಪ್ ಯಾಕೆ ನಿಂತಿತು ಎಂದು ಕೇಳಿದರೆ ಇಂಡಿಯಲ್ಲಿ ಒಂದು ಕಾರಣ ಹೇಳುತ್ತಾರೆ, ಮುದ್ದೇಬಿಹಾಳದಲ್ಲಿ ಇನ್ನೊಂದು. ಸಿಂದಗಿಯವರು ಎಲ್ಲಾ ರಾಜಕೀಯ ಅನ್ನುತ್ತಾರೆ. ಕೊನೆಯ ಪಂದ್ಯ ನಡೆದದ್ದು ಬಸವನ ಬಾಗೇವಾಡಿಯಲ್ಲಿ, ಹಾಗಾಗಿ ಅಲ್ಲಿಯವರು ಮಾತು ಬದಲಿಸಿ ಚಹಾ ಹೇಳುತ್ತಾರೆ. ಆ ಪಂದ್ಯದ ಮೈದಾನ ಅಳೆದು ಗೆರೆ ಹಾಕಿದವಳು ನಾನು. ಯಾರು ಏನೇ ಹೇಳಲಿ, ನಿಜವಾದ ಕಾರಣ ನನಗೆ ಗೊತ್ತು.

ಕಪ್ ಕಟ್ಟಿದ್ದು ಒಬ್ಬ ದೈಹಿಕ ಶಿಕ್ಷಕರು. ಎಲ್ಲರಿಗೂ ಅವರು ಮಾಸ್ತರು. ಹಿಂದೆ ದೇಶದ ಮಟ್ಟದಲ್ಲಿ ಇಂಥದೊಂದು ಪಂದ್ಯ ಇತ್ತು: ಲೀಗ್ ಗೆದ್ದ ತಂಡ ಒಂದು ಕಡೆ, ನಾಕೌಟ್ ಕಪ್ ಗೆದ್ದ ತಂಡ ಇನ್ನೊಂದು ಕಡೆ, ವರ್ಷಕ್ಕೆ ಒಂದೇ ಆಟ. ಅದು ಯಾವಾಗಲೋ ನಿಂತುಹೋಯಿತು. ಮಾಸ್ತರಿಗೆ ಅದರ ಕೊರಗು ಹೋಗಿರಲಿಲ್ಲ. "ದೊಡ್ಡವರು ನಿಲ್ಲಿಸಿದ್ರಂತ ನಾವ್ಯಾಕ ನಿಲ್ಲಿಸ್ಬೇಕ್ರಿ?" ಎಂದು ಹೇಳಿ ನಾಲ್ಕು ತಾಲೂಕಿಗೆ ಒಂದು ಲೀಗ್, ಒಂದು ಕಪ್, ಅವೆರಡನ್ನೂ ಗೆದ್ದವರಿಗೆ ಒಂದು ಸೂಪರ್ ಕಪ್ ಎಂದು ಶುರು ಮಾಡಿದರು. ಆ ವರ್ಷ ಲೀಗ್ ಇಂಡಿಯವರದ್ದು, ಕಪ್ ಮುದ್ದೇಬಿಹಾಳದವರದ್ದು. ಇಬ್ಬರಿಗೂ ಸೇರದ ಊರು ಬೇಕೆಂದು ಬಾಗೇವಾಡಿ ಹೊರಗಿನ ಒಂದು ಬಯಲನ್ನು ಆರಿಸಿದರು.

ನಾನು ಪರವಾನಗಿ ಇರುವ ಭೂಮಾಪಕಿ. ಹೊಲ ಅಳೆಯುವುದು, ಬದುವಿನ ಕಲ್ಲು ನೆಡಿಸುವುದು ನನ್ನ ಕೆಲಸ. ಈ ಕಸುಬಿಗೆ ಯಂತ್ರಕ್ಕಿಂತ ಹೆಚ್ಚು ಬೇಕಾದದ್ದು ನಂಬಿಕೆ. ಅಣ್ಣತಮ್ಮಂದಿರು ಬಡಿದಾಡುವ ಬದುವಿನ ಮೇಲೆ ನಿಂತು "ಕಲ್ಲು ಇಲ್ಲಿ" ಎಂದರೆ ಇಬ್ಬರೂ ಬಾಯಿ ಮುಚ್ಚಬೇಕು. ಹೆಣ್ಣುಮಗಳು ಏನು ಅಳೆಯುತ್ತಾಳೆ ಎಂದು ನಕ್ಕವರ ಹೊಲಗಳಲ್ಲೇ ಬಿಸಿಲಿಗೆ ಸುಟ್ಟುಕೊಂಡು ಆ ನಂಬಿಕೆ ಗಳಿಸಿದ್ದೆ. ಕನ್ನೊಳ್ಳಿಯಿಂದ ತಂಗಡಗಿಯವರೆಗೆ "ಅಕ್ಕಾರು ಅಳದ್ರಂದ್ರ ಮುಗೀತು" ಅನ್ನುವ ಮಾತು ಹುಟ್ಟಿತ್ತು. ಮಾಸ್ತರು ನನ್ನನ್ನು ಕರೆದದ್ದೂ ಅದಕ್ಕೇ. ಹಿಂದಿನ ವರ್ಷ ಯಾರೋ ಕಾಲಲ್ಲಿ ಅಳೆದು ಗೆರೆ ಹಾಕಿದ್ದಕ್ಕೆ ಜಗಳವಾಗಿತ್ತಂತೆ.

"ಈ ಸಲ ಯಾರೂ ಸೊಲ್ಲೆತ್ತಬಾರ್ದ್ರಿ ಮೇಡಂ. ನೀವು ಅಳದೀರಿ ಅಂತ ಮೈಕ್‌ನ್ಯಾಗ ಹೇಳ್ತೇನಿ," ಅಂದರು.

ನಾನು ಉಬ್ಬಿದೆ. ಸುಳ್ಳು ಯಾಕೆ ಹೇಳಲಿ.

ಪಂದ್ಯದ ಹಿಂದಿನ ದಿನ ಬೆಳಿಗ್ಗೆ ಕಾಕಾನನ್ನು ಕರೆದುಕೊಂಡು ಹೋದೆ. ಕಾಕಾ ನಮ್ಮಪ್ಪನ ಕಾಲದಿಂದ ಸರಪಳಿಯ ಇನ್ನೊಂದು ತುದಿ ಹಿಡಿದ ಮನುಷ್ಯ, ಈಗ ನನ್ನ ಜೊತೆ. ಬಯಲು ಎರೆಮಣ್ಣಿನದು. ಬಿರುಕುಗಳಿಗೆ ಗರಸು ಮಣ್ಣು ತುಂಬಿ ಟ್ರ್ಯಾಕ್ಟರಿನಲ್ಲಿ ರೋಲರ್ ಹೊಡೆಸುತ್ತಿದ್ದರು. ಮಾಸ್ತರು ಕೊಟ್ಟ ನಿಯಮದ ಪುಸ್ತಕದಲ್ಲಿ ಎಲ್ಲಾ ಅಳತೆ ಮೀಟರಿನಲ್ಲಿತ್ತು. ಉದ್ದ ನೂರು, ಅಗಲ ಅರವತ್ತನಾಲ್ಕು. ಉತ್ತರದ ಬದಿಗೆ ಮೊದಲ ಗೆರೆ ಎಳೆದು, ಒಂಬತ್ತು, ಹನ್ನೆರಡು, ಹದಿನೈದರ ತ್ರಿಕೋನ ಕಟ್ಟಿ ಮೂಲೆ ಹಿಡಿದೆ. ನಾಲ್ಕೂ ಮೂಲೆಗೆ ಗೂಟ ಹೊಡೆದ ಮೇಲೆ ಕರ್ಣ ಎರಡನ್ನೂ ಅಳೆದೆವು. ಎರಡಕ್ಕೂ ಎರಡು ಬೆರಳಿನ ಫರಕು ಕೂಡ ಇರಲಿಲ್ಲ. ಕಾಕಾ ತಲೆಯಾಡಿಸಿದ.

ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದ ಗೋಲಿನ ಕಡೆಯ ಕೆಲಸ ಮುಗಿಯಿತು. ಪೆನಾಲ್ಟಿ ಚೌಕ, ಒಳಗಿನ ಸಣ್ಣ ಚೌಕ, ಗೋಲಿನಿಂದ ಹನ್ನೊಂದು ಮೀಟರಿಗೆ ಪೆನಾಲ್ಟಿ ಹೊಡೆಯುವ ಚುಕ್ಕಿ. ಆ ಚುಕ್ಕಿಯಲ್ಲಿ ಗೂಟ ನೆಟ್ಟು, ಒಂಬತ್ತೂಕಾಲು ಮೀಟರಿಗೆ ಸ್ವಲ್ಪ ಕಡಿಮೆ ಹಗ್ಗ ಕಟ್ಟಿ ತಿರುಗಿಸಿದರೆ ಚೌಕದ ಹೊರಗೆ ಒಂದು ಕಮಾನು ಬೀಳುತ್ತದೆ. ಅದೂ ಬಿತ್ತು. ಕಾಕಾ ಬುತ್ತಿ ಬಿಚ್ಚಿದ. ನಾವು ರೊಟ್ಟಿ ತಿನ್ನುವಾಗ ಟ್ರ್ಯಾಕ್ಟರಿನವನು ನೆಲದ ಮೇಲಿದ್ದ ನಮ್ಮ ಅಳತೆಯ ಟೇಪಿನ ಮೇಲೆ ರೋಲರ್ ಹಾಯಿಸಿದ. ಹಲ್ಲು ಕಚ್ಚಿಕೊಂಡು ಎದ್ದು ನೋಡಿದರೆ ಟೇಪು ಮೂರು ತುಂಡು.

"ಪ್ಯಾಟಿಗ್ ಹೋಗಿ ಬ್ಯಾರೆ ತರ್ತೇನಿ ತಂಗಿ," ಅಂದ ಕಾಕಾ.

"ಬ್ಯಾಡ ಕಾಕಾ. ಗಾಡ್ಯಾಗ ಅಪ್ಪನ ಸರಪಳಿ ಐತಲ್ಲ."

ಅಲ್ಲಿಯೇ ನಾನು ಎಡವಿದ್ದು. ನಮ್ಮ ಕಡೆಯ ಹಳೆಯ ಮೋಜಣಿ ಸರಪಳಿ ಮೂವತ್ಮೂರು ಅಡಿ, ಅಂದರೆ ಹನ್ನೊಂದು ಗಜ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ. ಓದು ಬರಹ ಬಾರದ ರೈತನಿಗೂ ಈ ಲೆಕ್ಕ ಬರುತ್ತದೆ. ನನಗೆ ಅದು ಅಂಗನವಾಡಿಗೆ ಹೋಗುವ ಮೊದಲೇ ಬಾಯಿಪಾಠ. ಪುಸ್ತಕದ ಮೀಟರುಗಳನ್ನು ಅಡಿಗೆ ತಿರುಗಿಸಿ ಅಂಗೈ ಮೇಲೆ ಬರೆದುಕೊಂಡೆ: ದೊಡ್ಡ ಚೌಕಕ್ಕೆ ಐವತ್ತನಾಲ್ಕು, ಸಣ್ಣದಕ್ಕೆ ಹದಿನೆಂಟು, ಕಮಾನಿಗೆ ಮೂವತ್ತು. ಸರಪಳಿಗೆ ಹೊಂದದೆ ಉಳಿದ ಅಡಿಗಳನ್ನು ಕಾಕಾನ ಜೇಬಿನ ಸಣ್ಣ ಟೇಪಿನಲ್ಲಿ ಹಿಡಿದೆವು. ಚುಕ್ಕಿಯ ಅಳತೆಯನ್ನು ಮಾತ್ರ ಬರೆದುಕೊಳ್ಳಲಿಲ್ಲ. ಹನ್ನೊಂದು ಅಂದರೆ ನನ್ನ ಕೈಗೆ ಒಂದು ಸರಪಳಿ. ಅದಕ್ಕೇನು ಬರೆದುಕೊಳ್ಳುವುದು? ಗೋಲಿನ ಗೆರೆಯಿಂದ ಒಂದು ಸರಪಳಿ ಬಿಗಿಯಾಗಿ ಎಳೆದು ಗೂಟ ಹೊಡೆದೆ. ಪುಸ್ತಕದಲ್ಲಿದ್ದದ್ದು ಹನ್ನೊಂದು ಮೀಟರ್, ನಾನು ಇಟ್ಟದ್ದು ಹನ್ನೊಂದು ಗಜ. ಮೂರು ಅಡಿ ಕಡಿಮೆ.

ಮೂಲೆ ತಪ್ಪಿದರೆ ಕರ್ಣ ಹೇಳುತ್ತದೆ, ಚೌಕ ತಪ್ಪಿದರೆ ಎದುರು ಗೆರೆ ಹೇಳುತ್ತದೆ. ಚುಕ್ಕಿ ತಪ್ಪಿದರೆ ಹೇಳುವುದು ಕಮಾನು ಒಂದೇ. ಅದು ಹೇಳಿತು ಕೂಡ. ಹಗ್ಗ ತಿರುಗಿಸಿ ಸುಣ್ಣ ಚೆಲ್ಲಿದ ಮೇಲೆ ಕಾಕಾ ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಇದ್ಯಾಕೋ ಆ ಕಡೀದಕ್ಕಿಂತ ಸಣ್ಣದ ಕಾಣ್ತೈತಲ್ಲ ತಂಗಿ."

"ಹೊತ್ತು ಇಳಿಯಾಕತ್ತೈತಿ ಕಾಕಾ, ಕಣ್ಣಿಗೆ ಹಂಗ ಕಾಣ್ತೈತಿ. ಸಾಮಾನ ಎತ್ತು."

ಕಾಕಾ ಎತ್ತಿದ. ಅವನು ಎರಡನೆಯ ಸಲ ಹೇಳುವ ಪೈಕಿ ಅಲ್ಲ.

ಮರುದಿನ ನಾಲ್ಕು ಗಂಟೆಗೆ ಬಯಲಿನ ಸುತ್ತ ಜನ ತುಂಬಿದ್ದರು. ಟ್ರ್ಯಾಕ್ಟರ್ ಟ್ರೇಲರುಗಳ ಮೇಲೆ, ಬೇವಿನ ಗಿಡಗಳ ಕೆಳಗೆ, ಕ್ರೂಸರ್ ಗಾಡಿಗಳ ಟಾಪಿನ ಮೇಲೆ ಎಲ್ಲಾ ಕಡೆ ಜನ. ನಾನು ಮಾಸ್ತರ ಮೇಜಿನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದೆ. ಅಲ್ಲಿದ್ದವರಲ್ಲಿ ಅರ್ಧ ಜನರ ಹೊಲ ನಾನು ಅಳೆದದ್ದೇ, ನಮಸ್ಕಾರ ತೆಗೆದುಕೊಂಡು ಕೈ ಸೋತಿತ್ತು. ಮೊದಲ ಅರ್ಧದಲ್ಲಿ ಇಂಡಿಯವರು ಪೂರ್ವದ ಗೋಲಿನ ಕಡೆಗೆ ಆಡುತ್ತಿದ್ದರು. ಅಲ್ಲಿ ನಿಂತಿದ್ದ ಮುದ್ದೇಬಿಹಾಳದ ಗೋಲ್‌ಕೀಪರ್ ಕಸುಬಿನಿಂದ ಗೌಂಡಿ, ಗೋಡೆ ಕಟ್ಟುವವನು. ಮೂವತ್ತರ ಆಸುಪಾಸು, ಉದ್ದ ಕೈಗಳು, ಕಡಿಮೆ ಮಾತು. ಕಪ್ ಪಂದ್ಯಗಳಲ್ಲಿ ಒಂದು ಪೆನಾಲ್ಟಿಯನ್ನೂ ಒಳಗೆ ಬಿಟ್ಟವನಲ್ಲ ಎಂದು ಮಾಸ್ತರು ಮೈಕಿನಲ್ಲಿ ಹೊಗಳಿದ್ದರು.

ಅರ್ಧ ಗಂಟೆಯ ಸುಮಾರಿಗೆ ಚೌಕದೊಳಗೆ ಒಬ್ಬನ ಕೈಗೆ ಚೆಂಡು ತಾಗಿ ಇಂಡಿಗೆ ಪೆನಾಲ್ಟಿ ಸಿಕ್ಕಿತು. ಅವರ ಮುಂಚೂಣಿ ಆಟಗಾರ ಚೆಂಡು ಇಟ್ಟು ಹೊಡೆದ. ಗೌಂಡಿ ಸರಿಯಾದ ಕಡೆಗೇ, ತನ್ನ ಎಡಕ್ಕೆ ಹಾರಿದ. ಅವನ ಮೈ ನೆಲ ಮುಟ್ಟುವ ಮೊದಲೇ ಚೆಂಡು ಒಳಗಿತ್ತು.

ಅವನು ಎದ್ದವನೇ ಗೋಲಿನ ಗೆರೆಯಿಂದ ಚುಕ್ಕಿಯವರೆಗೆ ಹೆಜ್ಜೆ ಹಾಕಿದ. ಮತ್ತೆ ಹಿಂದೆ ಹೋಗಿ ಇನ್ನೊಮ್ಮೆ ಹಾಕಿದ. ಆಮೇಲೆ ರೆಫರಿ ಹತ್ತಿರ ಹೋದ. ನಮ್ಮ ಮೇಜಿನ ತನಕ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ:

"ಹನ್ನೊಂದ ಹೆಜ್ಜಿ ಐತ್ರಿ ಸರ. ಹನ್ನೆರಡ ಇರ್ಬೇಕು. ಚುಕ್ಕಿ ಮುಂದ ಬಂದೈತಿ."

"ಸರ್ವೇದವರು ಅಳದಾರ. ಹೋಗಿ ನಿಂದರು," ಅಂದ ರೆಫರಿ.

ಮಾಸ್ತರು ಮೈಕು ಎತ್ತಿದರು. "ಗೋಲ್‌ಕೀಪರ್ ಅವರಲ್ಲಿ ವಿನಂತಿ. ಈ ಮೈದಾನ ನಮ್ಮ ಮೋಜಣಿ ಮೇಡಂ ಸ್ವತಾ ಸರಪಳಿ ಹಿಡದು ಅಳದದ್ದು. ನಿಮ್ಮ ಕಾಲಿಗಿಂತ ಅದು ಬರೋಬ್ಬರಿ ಐತಿ." ಜನ ಹೋ ಎಂದು ನಕ್ಕರು. ಅವನ ತಂಡದವನೇ ಒಬ್ಬ, "ಹಿಡಿಲಿಕ್ಕೆ ಆಗ್ಲಿಲ್ಲಂದ್ರ ಸುಮ್ನಿರಪಾ, ನೆಪ ಹೇಳಬ್ಯಾಡ," ಅಂದ. ನಾನೂ ನಕ್ಕೆ. ನಗುತ್ತಲೇ ಎಡಕ್ಕೆ ಪಶ್ಚಿಮದ ಕಮಾನು ನೋಡಿದೆ, ಬಲಕ್ಕೆ ಪೂರ್ವದ್ದು. ಹೊತ್ತು ಇನ್ನೂ ಮೇಲಿತ್ತು, ಕಣ್ಣಿನ ಮೇಲೆ ಹೊರಿಸುವಂತಿರಲಿಲ್ಲ. ಪೂರ್ವದ ಕಮಾನು ಚೌಕದಿಂದ ಅರೆಮನಸ್ಸಿನಿಂದ ಹೊರಗೆ ಬಂದಂತಿತ್ತು. ಸರಪಳಿ, ಹನ್ನೊಂದು, ಗಜ, ಮೀಟರ್ ಎಲ್ಲಾ ಒಟ್ಟಿಗೆ ತಲೆಯಲ್ಲಿ ಬಿದ್ದವು. ಅಂಗೈ ಬೆವತು ನಿನ್ನೆಯ ಶಾಯಿ ಸೆರಗಿಗೆ ಹತ್ತಿತು.

ಹೇಳಬೇಕಿತ್ತು, ಆಗಲೇ. ನಾನು ಕುಳಿತೇ ಇದ್ದೆ. ಸುತ್ತ ಕುಳಿತವರ ಮುಖಗಳಲ್ಲಿ ನನಗೆ ಬರೀ ಬದುಗಳು ಕಂಡವು. ಇವರ ಕಲ್ಲು, ಅವರ ಕಲ್ಲು, ಎರಡು ವರ್ಷದ ಜಗಳ ಬಿಟ್ಟು ನನ್ನ ಮಾತಿಗೆ ಒಪ್ಪಿಕೊಂಡವರು. ಚೆಂಡಾಟದ ಬಯಲನ್ನೇ ತಪ್ಪು ಅಳೆದವಳು ಎಂದು ಗೊತ್ತಾದರೆ ನಾಳೆ ಎಷ್ಟು ಕಲ್ಲು ಕೀಳುತ್ತಾರೋ. ಕುರ್ಚಿಯಲ್ಲಿ ಕೂರಲಾಗದೆ ಎದ್ದೆ, ಎದ್ದು ಎಲ್ಲಿ ಹೋಗುವುದೆಂದು ತಿಳಿಯದೆ ಮತ್ತೆ ಕುಳಿತೆ. ಮಾಸ್ತರು ನೀರು ಬೇಕೇ ಎಂದು ಕೇಳಿದರು.

ವಿರಾಮದ ಸೀಟಿ ಊದಿದ ಕೂಡಲೇ ಕಾಕಾನನ್ನು ಕರೆದೆ. ಗೆರೆಗಳಿಗೆ ಇನ್ನೊಮ್ಮೆ ಸುಣ್ಣ ಹಾಕುವ ನೆಪದಲ್ಲಿ ಡಬ್ಬಿ ಹಿಡಿದು ಪೂರ್ವದ ಗೋಲಿಗೆ ಹೋದೆವು. ಆಟಗಾರರು ದೂರದಲ್ಲಿ ಬಾಳೆಹಣ್ಣು ತಿನ್ನುತ್ತಿದ್ದರು. ನಾನು ಕುಕ್ಕರಗಾಲಿನಲ್ಲಿ ಕುಳಿತು ಹಳೆಯ ಚುಕ್ಕಿಯನ್ನು ಮಣ್ಣಿನಿಂದ ಒರೆಸಿದೆ. ಕಾಕಾ ಜೇಬಿನ ಟೇಪು ತೆಗೆದು ಮೂರು ಅಡಿ ಹಿಂದಕ್ಕೆ ಅಳೆದು ಹಿಡಿದ. ಅಲ್ಲಿ ಹೊಸ ಚುಕ್ಕಿ ಇಟ್ಟೆ. ಕಮಾನು ಬದಲಿಸಲು ಹೊತ್ತಿರಲಿಲ್ಲ.

"ಮಾಸ್ತರಿಗೆ ಒಂದ ಮಾತು ಹೇಳೂದಿಲ್ಲೇನು?" ಅಂದ ಕಾಕಾ.

"ಈಗ ಬರೋಬ್ಬರಿ ಆತಲ್ಲ ಕಾಕಾ."

ಹಾಗೆಂದು ನಿಜವಾಗಿಯೂ ನಂಬಿದ್ದೆ. ತಪ್ಪಿದ ಕಲ್ಲು ಕಂಡರೆ ಕಿತ್ತು ಸರಿಯಾದ ಜಾಗದಲ್ಲಿ ನೆಡುವುದು ನನ್ನ ಕಸುಬಿನ ಬುದ್ಧಿ. ಅದನ್ನೇ ಮಾಡಿದೆ. ಎರಡನೆಯ ಅರ್ಧದಲ್ಲಿ ತಂಡಗಳು ಬದಿ ಬದಲಿಸುತ್ತವೆ, ಈ ಗೋಲಿಗೆ ಈಗ ಇಂಡಿಯವನು ಕಾವಲು ನಿಲ್ಲುತ್ತಾನೆ, ಹೊಡೆಯುವವರು ಮುದ್ದೇಬಿಹಾಳದವರು ಎಂಬುದು ಆ ಹೊತ್ತಿಗೆ ನನ್ನ ತಲೆಯಲ್ಲಿ ಸುಳಿಯಲೇ ಇಲ್ಲ.

ಆಟ ಮತ್ತೆ ಶುರುವಾಯಿತು. ಗೌಂಡಿ ಪಶ್ಚಿಮದ ಗೋಲಿಗೆ ಹೋದವನೇ ಅಲ್ಲಿಯೂ ಗೆರೆಯಿಂದ ಚುಕ್ಕಿಯವರೆಗೆ ಹೆಜ್ಜೆ ಹಾಕಿದ. ಎಣಿಸುವ ತುಟಿ ದೂರದಿಂದಲೂ ಕಾಣುತ್ತಿತ್ತು. ಹನ್ನೆರಡಾಗಿರಬೇಕು. ಬಯಲಿನಾಚೆಯಿಂದ ನೆಟ್ಟಗೆ ನನ್ನ ಕುರ್ಚಿಯ ಕಡೆ ನೋಡಿದ. ನಾನು ಕೈಯಲ್ಲಿದ್ದ ನಿಯಮದ ಪುಸ್ತಕದ ಹಾಳೆ ತಿರುಗಿಸಿದೆ.

ಮುಗಿಯಲು ಹತ್ತು ನಿಮಿಷ ಇರುವಾಗ ಮುದ್ದೇಬಿಹಾಳದ ಆಟಗಾರನನ್ನು ಇಂಡಿಯವರು ಚೌಕದೊಳಗೆ ಕೆಡವಿದರು. ಪೆನಾಲ್ಟಿ, ಪೂರ್ವದ ಗೋಲಿಗೆ. ಆಗ ನನಗೆ ಪೂರ್ತಿ ಅರ್ಥವಾಯಿತು. ತಪ್ಪು ಚುಕ್ಕಿಯನ್ನು ಇದ್ದಲ್ಲೇ ಬಿಟ್ಟಿದ್ದರೆ ಇಬ್ಬರಿಗೂ ಒಂದೇ ತಪ್ಪು, ಒಂದೇ ದೂರ. ಇಂಡಿಯವನು ಮೂವತ್ಮೂರು ಅಡಿಯಿಂದ ಹೊಡೆದಿದ್ದ, ಮುದ್ದೇಬಿಹಾಳದವನು ಮೂವತ್ತಾರರಿಂದ ಹೊಡೆಯಬೇಕಿತ್ತು. ಸರಿ ಮಾಡಲು ಹೋಗಿ ಆ ತಂಡಕ್ಕೆ ಎರಡನೆಯ ಸಲ ಅನ್ಯಾಯ ಮಾಡಿದ್ದೆ. ಎದ್ದು ಬದಿಗೆರೆಯವರೆಗೆ ಓಡಿದೆ. ಇನ್ನೊಂದು ಹೆಜ್ಜೆ ಇಟ್ಟು ಕೂಗಿದ್ದರೆ ರೆಫರಿ ನಿಲ್ಲಿಸುತ್ತಿದ್ದ. ಗೆರೆ ನಾನೇ ಎಳೆದದ್ದು, ಆದರೆ ದಾಟಲಿಲ್ಲ. ಹೆದರಿದೆ, ಅಷ್ಟೇ. ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ಹೊರಗೆ ಹೋಯಿತು.

ಇಂಡಿ ಒಂದು, ಮುದ್ದೇಬಿಹಾಳ ಸೊನ್ನೆ. ಸೀಟಿ ಊದಿದ ಮೇಲೆ ಹುಡುಗರು ಗುಲಾಲು ಎರಚಿದರು. ಮಾಸ್ತರು ಕಪ್ಪನ್ನು ಟವೆಲಿನಿಂದ ಒರೆಸಿ ಮೇಜಿನ ಮೇಲಿಟ್ಟರು. ಮುದ್ದೇಬಿಹಾಳದವರು ಗಾಡಿಯ ಹತ್ತಿರ ಗುಂಪಾಗಿ ಕುಳಿತಿದ್ದರು, ಗೌಂಡಿಯ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಅವನು ಚೀಲದಿಂದ ತನ್ನ ಟೇಪು ತೆಗೆದುಕೊಂಡು ಸೀದಾ ನನ್ನ ಹತ್ತಿರ ಬಂದ.

"ಅಕ್ಕಾರ, ಸ್ವಲ್ಪ ಬರ್ರಿ. ಒಂದು ತುದಿ ಹಿಡೀರಿ."

ಹೋದೆ. ಅವನು ನನ್ನನ್ನು ಗೋಲಿನ ಗೆರೆಯ ಮೇಲೆ ನಿಲ್ಲಿಸಿ ಟೇಪು ಎಳೆದುಕೊಂಡು ಹೋದ. ಒರೆಸಿದ ಚುಕ್ಕಿಯ ಜಾಗದಲ್ಲಿ ಮಣ್ಣು ಕೆದರಿದ. ಕೆಳಗೆ ಸುಣ್ಣ ಬೆಳ್ಳಗೆ ಇತ್ತು. ನಾನು ಹೊಡೆದ ಗೂಟದ ತೂತೂ ಇತ್ತು.

"ಮೂವತ್ಮೂರ," ಅಂದ. "ಮ್ಯಾಲ ಮೂರು ಫೂಟು ಇದ್ದಿದ್ರ ನಾ ಮುಟ್ತಿದ್ನಿ."

"ಹೌದಪ್ಪಾ. ತಪ್ಪು ನಂದು. ಒರಸಿದಾಕಿನೂ ನಾನ," ಅಂದೆ. "ನನ್ನಿಂದ ಏನಾಗಬೇಕು ಹೇಳು."

"ನನ್ನ ಮೈಕ್‌ನ್ಯಾಗ ನಗ್ಯಾಡಿದ್ರಿ. ಮೈಕ್‌ನ್ಯಾಗನ ಹೇಳ್ರಿ."

ಮೇಜಿನ ಹತ್ತಿರ ಬಂದು ಮಾಸ್ತರಿಗೆ ವಿಷಯ ತಿಳಿಸಿದೆ. ಅವರು ಮೈಕಿನ ಬಾಯಿಗೆ ಅಂಗೈ ಮುಚ್ಚಿ ನನ್ನನ್ನು ಬದಿಗೆ ಕರೆದರು.

"ಬ್ಯಾಡ್ರಿ ಮೇಡಂ. ಇಂಡಿಯವರು ಕಪ್ ಬಿಡೂದಿಲ್ಲ, ಇವರು ಮುಂದ ಬರೂದಿಲ್ಲ. ಮುಂದಿನ ವರ್ಷ ಈ ಆಟ ಇರೂದಿಲ್ಲ ನೋಡ್ರಿ. ಮೂರು ಫೂಟಿನ ಸಲುವಾಗಿ ಎಲ್ಲಾ ಮುಳುಗಸ್ತೀರೇನು? ನಾ ಅವಗ ಬ್ಯಾರೆ ಸಮಾಧಾನ ಹೇಳ್ತೇನಿ."

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಮುಂದೆ ಎಲ್ಲಾ ಹಾಗೆಯೇ ಆಯಿತು. ಲೀಗ್ ಈಗಲೂ ಇದೆ, ಕಪ್ಪೂ ಇದೆ, ಗೆದ್ದವರು ಎದುರಾಗುವುದು ಮಾತ್ರ ನಿಂತಿದೆ. ಆ ಮನುಷ್ಯ ಊರೂರು ಅಲೆದು ಕಟ್ಟಿದ ಆಟ ಅದು, ನನಗೆ ಅವರ ಮೇಲೆ ಇಂದಿಗೂ ಕನಿಕರವಿದೆ. ಆದರೆ ಗೌಂಡಿ ಟೇಪು ಹಿಡಿದು ಅಲ್ಲೇ ನಿಂತಿದ್ದ. ನಾನು ಯಾರ ಯಾರ ಬದುವಿನ ಮೇಲೆ ನಿಂತು ಎಷ್ಟು ಜನರ ಬಾಯಿ ಮುಚ್ಚಿಸಿದ್ದೆನೋ, ಅವರಲ್ಲಿ ಇವನೊಬ್ಬ ಸರಿ ಹೇಳಿದ್ದ. ಮಾಸ್ತರ ಕೈಯಿಂದ ಮೈಕು ತೆಗೆದುಕೊಂಡೆ.

ಏನೇನು ಹೇಳಿದೆನೋ ಅಕ್ಷರಶಃ ನೆನಪಿಲ್ಲ. ಪೂರ್ವದ ಚುಕ್ಕಿಯನ್ನು ಮೂರು ಅಡಿ ಕಡಿಮೆ ಅಳೆದವಳು ನಾನು ಅಂದೆ. ವಿರಾಮದಲ್ಲಿ ಯಾರಿಗೂ ಹೇಳದೆ ಬದಲಿಸಿದವಳೂ ನಾನು ಅಂದೆ. ಗೋಲ್‌ಕೀಪರ್ ಹೇಳಿದ್ದು ಖರೆ, ಅವನು ನೆಪ ಹೇಳಲಿಲ್ಲ, ಸುಮ್ಮನೆ ಕುಳಿತು ಅವನನ್ನು ಸುಳ್ಳು ಮಾಡಿದವಳು ನಾನು ಅಂದೆ. ಆಮೇಲೆ ಒಂದು ಟ್ರೇಲರಿನ ಮೇಲಿಂದ ಒಬ್ಬ ಮುದುಕ ಸಾವಕಾಶವಾಗಿ ಕೇಳಿದ:

"ಹಂಗಾದ್ರ ನಮ್ಮ ಹೊಲದ ಕಲ್ಲು ಹೆಂಗ್ರಿ ಅಕ್ಕಾರ?"

"ಬರ್ತೇನಿ ಯಜ್ಜಾ. ಮತ್ತೊಮ್ಮೆ ಅಳೀತೇನಿ. ನೀವೂ ಟೇಪು ಹಿಡೀರಿ," ಅಂದೆ. ಆ ವರ್ಷವಿಡೀ ಮೊದಲು ಅಳೆದಿದ್ದ ಹೊಲಗಳನ್ನೇ ಮತ್ತೆ ಅಳೆಯುವುದರಲ್ಲಿ ಕಳೆದೆ.

ಮುದ್ದೇಬಿಹಾಳದವರು ಎದ್ದು ಬಂದರು. ಕೂಗಾಟ ಶುರುವಾಯಿತು. ಇಂಡಿಯವರು ಕಪ್ಪಿನ ಸುತ್ತ ಗುಂಪುಕಟ್ಟಿದರು. ಒಮ್ಮೆ ಕೊಟ್ಟ ಗೋಲು, ಆಟ ಮುಂದುವರಿದ ಮೇಲೆ ವಾಪಸ್ ತೆಗೆಯಲು ಬರುವುದಿಲ್ಲ ಎಂದು ರೆಫರಿ ಪುಸ್ತಕ ತೋರಿಸಿದ. ಅಂಗಿಗೆ ಕೈ ಹೋಗುವ ಹೊತ್ತಿಗೆ ಗೌಂಡಿ ನಡುವೆ ನುಗ್ಗಿ, ಪೆನಾಲ್ಟಿ ಹೊಡೆದಿದ್ದ ಇಂಡಿಯ ಆ ಮುಂಚೂಣಿ ಆಟಗಾರನ ರಟ್ಟೆ ಹಿಡಿದ. ಎಲ್ಲರೂ ಹೊಡೆದಾಟವೇ ಅಂದುಕೊಂಡೆವು.

"ಕಪ್ ನಿಮ್ದ ಇರ್ಲಿ. ಒಂದ ಸಲ ಹೊಡಿ ನನಗ. ಬರೋಬ್ಬರಿ ಚುಕ್ಕಿಯಿಂದ. ಲೆಕ್ಕಕ್ಕ ಬ್ಯಾಡ."

ಆ ಹುಡುಗ ಕಪ್ಪನ್ನು ಪಕ್ಕದವನಿಗೆ ಕೊಟ್ಟು ಚೆಂಡು ಎತ್ತಿಕೊಂಡ. ಜನವೆಲ್ಲಾ ಪೂರ್ವದ ಗೋಲಿನ ಹಿಂದೆ ಸರಿದರು. ಗೌಂಡಿ ನನ್ನ ಕಡೆ ಟೇಪು ಚಾಚಿದ. ನಾನು ಗೆರೆಯಿಂದ ಅಳೆದೆ, ರೆಫರಿ ಬಗ್ಗಿ ನೋಡಿದ, ಎರಡೂ ತಂಡದ ನಾಯಕರು ಬಗ್ಗಿ ನೋಡಿದರು, ಕಾಕಾನೂ ನೋಡಿದ. ಮೂವತ್ತಾರು ಅಡಿ, ಮೇಲೆ ಒಂದಿಂಚು. ಚೆಂಡು ಇಟ್ಟರು.

ಹುಡುಗ ಓಡಿ ಬಂದು ಹೊಡೆದ. ಮೊದಲಿನ ಮೂಲೆಗೇ. ಗೌಂಡಿ ಅದೇ ಎಡಕ್ಕೆ ಹಾರಿದ. ಚೆಂಡಿಗೆ ಅವನ ಬೆರಳು ತಾಗಿದ ಸದ್ದು ಕೇಳಿತು. ಚೆಂಡು ಕಂಬಕ್ಕೆ ಸವರಿ ಒಳಗೆ ಹೋಯಿತು.

ಅವನು ಸ್ವಲ್ಪ ಹೊತ್ತು ಮಣ್ಣಿನಲ್ಲೇ ಬಿದ್ದಿದ್ದ. ಆಮೇಲೆ ಎದ್ದು ಮೊಣಕಾಲು ಒರೆಸಿಕೊಂಡು, ಚೆಂಡನ್ನು ಆ ಹುಡುಗನ ಕಡೆ ಉರುಳಿಸಿ, ನನ್ನ ಹತ್ತಿರ ಬಂದು ಟೇಪು ಇಸಿದುಕೊಂಡ.

"ಈ ಗೋಲು ನಂದ್ರಿ ಅಕ್ಕಾರ," ಅಂದ. "ಆವಾಗಿಂದು ನಿಮ್ದು."